ಬೋರ್ಡು ಮಾಸಿದ ಮ್ಯಾಲ

(ಒಬ್ಬರು ಬೈಲಹೊಂಗಲ, ಸವದತ್ತಿ, ರಾಮದುರ್ಗದ ಕಡೆ ಬ್ಯಾಂಕಿನ ಫೀಲ್ಡ್ ಆಫೀಸರ್ ಆಗಿದ್ದು ನಿವೃತ್ತರಾದವರು. ಇನ್ನೊಬ್ಬಳು ಅವರ ಅಣ್ಣನ ಮಗಳು. ಬೆಂಗಳೂರಿನ ಸ್ವಯಂಸೇವಾ ಸಂಸ್ಥೆಯೊಂದರಲ್ಲಿ ವಿದೇಶಿ ನೆರವಿಗಾಗಿ ಪ್ರಸ್ತಾವನೆ ಬರೆಯುವ ಕೆಲಸ.)

— ಕಾಕಾ, ನಾಲ್ಕು ತಾಲೂಕು: ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ. ಮೂರು ವರ್ಷದ ಯೋಜನೆ, ಬಡತನ ಕಡಿಮಿ ಮಾಡೂದು ಗುರಿ. ಫಾರ್ಮಿನಾಗ ಒಂದು ಪ್ರಶ್ನೆ ಐತಿ. ಈ ಭಾಗಕ್ಕ ಹಿಂದ ಬಂದ ಯೋಜನೆಗಳು ಯಾಕ ಗೆದ್ದವು, ಯಾಕ ಸೋತವು? ಐದುನೂರು ಶಬ್ದದಾಗ ಬರೀಬೇಕಂತ.

— ಐದುನೂರು ಶಬ್ದ ನನ್ನ ಎಮ್ಮಿ ಕಥಿಗೇ ಸಾಲೂದಿಲ್ಲ.

— ಯಾವ ಎಮ್ಮಿ?

— ಐ.ಆರ್.ಡಿ.ಪಿ. ಎಮ್ಮಿ. ಸಮಗ್ರ ಗ್ರಾಮೀಣಾಭಿವೃದ್ಧಿ ಕಾರ್ಯಕ್ರಮ ಅಂತ 1980ರಾಗ ದೇಶದ ಎಲ್ಲಾ ಬ್ಲಾಕಿಗೂ ಬಂತು. ಸಣ್ಣ ರೈತಗ ಕಾಲು ಭಾಗ ಸಬ್ಸಿಡಿ, ಅತಿಸಣ್ಣ ರೈತಗೂ ಕೂಲಿಕಾರಗೂ ಮೂರರಾಗ ಒಂದು ಭಾಗ, ಪರಿಶಿಷ್ಟರಿಗೆ ಅರ್ಧ. ಉಳಿದದ್ದು ಬ್ಯಾಂಕಿನ ಸಾಲ. ಮಾರ್ಚ್ ಮುಗಿಯೂದ್ರಾಗ ಇಷ್ಟು ಎಮ್ಮಿ ಆಗಬೇಕು ಅಂತ ನಮ್ಮ ತಲಿ ಮ್ಯಾಲ ಟಾರ್ಗೆಟ್. ಸಂತಿಯಾಗ ಒಂದ ಎಮ್ಮಿನ ಮೂರು ಮಂದಿ ಹೆಸರಿಲೆ ಮೂರು ಸಲ ಕೊಂಡದ್ದನ್ನ ಕಣ್ಣಾರೆ ನೋಡೇನಿ. ವಿಮಾದವರು ಎಮ್ಮಿ ಕಿವಿಗೆ ಬಿಲ್ಲೆ ಹೊಡೀತಿದ್ರು. ಎಮ್ಮಿ ಸತ್ತರ ಬಿಲ್ಲೆ ಸಮೇತ ಆ ಕಿವಿ ತಂದು ತೋರಿಸಬೇಕು. ಆಮ್ಯಾಲ ಊರಾಗ ಕಿವಿ ಇಲ್ಲದ ಎಮ್ಮಿಗೋಳು ಹಾಲು ಕೊಟಗೋತ ಅಡ್ಡಾಡಿದ್ವು.

— ಅಂದರ ಮೋಸದಿಂದ ಕೆಟ್ಟತು ಅಂತ ಬರೀಲಿ?

— ಹಂಗ ಬರದರ ಎಲ್ಲಾರಿಗೂ ಸಮಾಧಾನ ಆಗತೈತಿ. ಖರೆ ಎಮ್ಮಿ ಕೊಂಡ ಮಂದಿನೂ ಭಾಳ ಇದ್ರು ತಂಗಿ. ಅವರೂ ಯಾಕ ಮ್ಯಾಲ ಬರಲಿಲ್ಲ ಅಂತ ಕೇಳು. ರಾಮದುರ್ಗದ ಕಡೆ ಶಿವರಾತ್ರಿ ಹೊತ್ತಿಗೆ ಹಸಿ ಮೇವು ಮುಗೀತಿತ್ತು. ಕೂಲಿ ಮಾಡೂ ಹೆಣ್ಣಮಗಳು ಎಮ್ಮಿ ಕಾಯಬೇಕೋ, ಕೂಲಿಗೆ ಹೋಗಬೇಕೋ? ಹಾಲು ಹಿಂಡಿದ ಮ್ಯಾಲೂ ಚಹಾದಂಗಡಿಯವ ಹೇಳಿದ ರೇಟಿಗೇ ಕೊಡಬೇಕು, ಬ್ಯಾರೆ ಗಿರಾಕಿ ಇಲ್ಲ. ಹಾಲು ಬತ್ತಿತು, ಎಮ್ಮಿ ಮಾರಿದ್ರು, ಸಾಲ ಉಳೀತು. 1990ರಾಗ ಹತ್ತು ಸಾವಿರದ ತನಕ ಸಾಲ ಮನ್ನಾ ಬಂತು. ಬ್ಯಾಂಕಿನ ಪುಸ್ತಕದಾಗ ಆ ಎಮ್ಮಿ ಸತ್ತದ್ದು ಅವತ್ತ.

— ಆದರ ದಕ್ಷಿಣದ ಜಿಲ್ಲೆಗಳಾಗ ಹೈನುಗಾರಿಕಿ ಗೆದ್ದತಲ್ಲ? ಅಲ್ಲಿಯ ಯೋಜನೆಗೂ ವಿದೇಶಿ ರೊಕ್ಕನ ಇತ್ತು. 1974ರಾಗ ವಿಶ್ವಬ್ಯಾಂಕಿನ ಸಾಲದಿಂದ ಕರ್ನಾಟಕ ಡೇರಿ ಅಭಿವೃದ್ಧಿ ಯೋಜನೆ ಸುರು ಆತು. ಅದನ್ನ ನಡಸಾಕ ಹುಟ್ಟಿದ ನಿಗಮ 1984ರಾಗ ಕೆ.ಎಂ.ಎಫ್. ಆತು.

— ಅಲ್ಲಿ ಆಕಳಿಗಿಂತ ಮೊದಲ ಸಂಘ ಬಂತು. ಮುಂಜಾನೆ, ಸಂಜಿ ಕ್ಯಾನ್ ಹಿಡಕೊಂಡು ಹೋದರ ಅಳತಿ ಆಗತೈತಿ, ಫ್ಯಾಟ್ ನೋಡತಾರ, ವಾರಕ್ಕೊಮ್ಮೆ ರೊಕ್ಕ ಕೈಗೆ. ಅಳತಿಯಾಗ ಹೆಚ್ಚುಕಡಿಮಿ ಆದರ ಸೆಕ್ರೆಟರಿ ಅದ ಓಣಿಯವ, ಮನಿ ಮುಂದ ನಿಂತು ಕೇಳಾಕ ಬರತೈತಿ. ನಮ್ಮ ಎಮ್ಮಿ ಬತ್ತಿದಾಗ ಯಾರನ್ನ ಕೇಳಬೇಕಿತ್ತು? ನನ್ನನ್ನ? ನಂದು ಅಷ್ಟರಾಗ ಬ್ಯಾರೆ ಬ್ರಾಂಚಿಗೆ ಟ್ರಾನ್ಸ್‌ಫರ್.

— ಆಪರೇಷನ್ ಫ್ಲಡ್‌ನೂ ಹಂಗ. 1970ರಾಗ ಸುರು ಆದಾಗ ಯುರೋಪಿನವರು ತಮ್ಮಲ್ಲೆ ಹೆಚ್ಚಾದ ಹಾಲಿನಪುಡಿ, ಬೆಣ್ಣೆಎಣ್ಣೆ ದಾನ ಕೊಟ್ರು. ಅದನ್ನ ಪುಕ್ಕಟೆ ಹಂಚಿದ್ದರ ನಮ್ಮ ರೈತರ ಹಾಲು ಯಾರೂ ಕೇಳತಿರಲಿಲ್ಲ. ಆ ಯೋಜನೆ ನಡಸಿದ ಕುರಿಯನ್ ಅವರು ಪಟ್ಟಣದ ಡೇರಿಗಳಾಗ ಅದನ್ನ ಹಾಲು ಮಾಡಿ ಮಾರಿಸಿ, ಬಂದ ರೊಕ್ಕ ಸಂಘಗಳಿಗೆ, ಡೇರಿಗಳಿಗೆ ಹಾಕಿಸಿದ್ರು. ದಾನ ಕೊಟ್ಟವರಿಗಿಂತ ಇಸಕೊಂಡವರಿಗೆ ತಲಿ ಇತ್ತು. ಇನ್ನೊಂದು ಕೇಳ್ರಿ. ಬಾಂಗ್ಲಾದೇಶದ ಬ್ರಾಕ್ ಸಂಸ್ಥೆಯವರು 2002ರಾಗ ಕಡುಬಡವರ ಸಲುವಾಗಿ ಒಂದು ಕಾರ್ಯಕ್ರಮ ಸುರು ಮಾಡಿದ್ರು. ಆಕಳೋ ಆಡೋ ಕೊಡೂದು, ಅದು ಗಳಿಸಿ ಕೊಡೂ ತನಕ ಹೊಟ್ಟಿಗೆ ಒಂದಿಷ್ಟು ರೊಕ್ಕ ಕೊಡೂದು, ಎರಡು ವರ್ಷ ಮನಿಗೆ ಬಂದು ಹೋಗೂದು, ಉಳಿತಾಯ ಮಾಡಸೂದು. ಅದರ ಮಾದರಿಯಾಗ ಆರು ದೇಶದಾಗ ಪ್ರಯೋಗ ಮಾಡಿ 2015ರಾಗ ಫಲಿತಾಂಶ ಪ್ರಕಟಿಸಿದ್ರು: ಇಥಿಯೋಪಿಯಾ, ಘಾನಾ, ಹೊಂಡುರಾಸ್, ಪಾಕಿಸ್ತಾನ, ಪೆರು, ಮತ್ತ ನಮ್ಮ ಪಶ್ಚಿಮ ಬಂಗಾಳ. ಕಾರ್ಯಕ್ರಮ ಮುಗಿದು ಒಂದು ವರ್ಷ ಆದ ಮ್ಯಾಲೂ ಹೆಚ್ಚಿನ ಕಡೆ ಮಂದಿ ಊಟ, ಗಳಿಕಿ ಸುಧಾರಿಸಿತ್ತು.

— ಹೆಚ್ಚಿನ ಕಡೆ ಅಂದಿ. ಎಲ್ಲಿ ಕೆಟ್ಟತು?

— ಹೊಂಡುರಾಸ್‌ನಾಗ. ಅಲ್ಲಿ ಕೋಳಿ ಕೊಟ್ಟಿದ್ರು, ರೋಗ ಬಂದು ಸತ್ತವು.

— ಆತು, ನಮ್ಮ ಎಮ್ಮಿಗೆ ಅಲ್ಲೊಬ್ಬ ಬೀಗ ಸಿಕ್ಕ! ನೋಡು, ಎರಡು ವರ್ಷ ಮನಿಗೆ ಬಂದು ಹೋದ್ರು ಅಂತ ಹೇಳಿದೆಲ್ಲ, ಅದ ಆ ಯೋಜನೆಯ ತಿರುಳು. ರೊಕ್ಕದ ಲೆಕ್ಕದಾಗ ಅದ ಎಲ್ಲಾರಿಗೂ ದುಂದು ಕಾಣತೈತಿ, ಮೊದಲ ಕತ್ತರಿ ಅದಕ್ಕ.

— ಕಾಕಾ, ನಮ್ಮಲ್ಲೆ ಅದರ ಬದಲಿ ಜನರ ಸಹಭಾಗಿತ್ವ ಅಂತಾರ. ಸಮುದಾಯ ವಂತಿಗಿ ಕೊಟ್ಟರ ಜನ ತಮ್ಮದು ಅನಕೋತಾರ ಅಂತ.

— ಅದನ್ನೂ ನೋಡೇನಿ. 2002ರ ಸುಮಾರಿಗೆ ಜಲನಿರ್ಮಲ ಬಂತಲ್ಲ?

— ವಿಶ್ವಬ್ಯಾಂಕಿನದು. ಉತ್ತರದ 11 ಜಿಲ್ಲೆ, ಬೆಳಗಾವಿನೂ ಅದರಾಗ ಇತ್ತು.

— ಹಾಂ. ಊರಿಗೊಂದು ನೀರು-ನೈರ್ಮಲ್ಯ ಸಮಿತಿ, ಖರ್ಚಿನಾಗ ಒಂದು ಪಾಲು ಊರವರದು, ಮುಂದ ನಡಸೂ ಹೊಣಿ ಪೂರಾ ಊರವರದ. ಕಾಗದದ ಮ್ಯಾಲ ಭಾಳ ಚಂದ. ಕೆಲವು ಊರಾಗ ಅದು ಖರೇನ ಚಲೋ ನಡೀತು. ಕೆಲವು ಊರಾಗ ಸಮಿತಿ ಅಂದರ ಒಬ್ಬ ಗೌಡ್ರು, ಒಂದು ರಬ್ಬರ್ ಸ್ಟ್ಯಾಂಪು. ಊರ ವಂತಿಗಿನ ಗುತ್ತಿಗೆದಾರನ ಕಟ್ಟಿ ಬಿಲ್ಲಿನಾಗ ಮುರಕೊಂಡ ಅಂತ ಮಂದಿ ಆಡಕೋತಿದ್ರು. ಇಷ್ಟಕ್ಕೂ ಬಡವರಿಗಷ್ಟ ಯಾಕ ಈ ಪರೀಕ್ಷೆ? ಬೆಂಗಳೂರಾಗ ನಿನ್ನ ಮನಿಗೆ ಕಾವೇರಿ ನೀರು ಬರೂ ಮುಂಚೆ ಯಾರರ ಬಂದು, ನಿಮ್ಮ ಓಣಿಯವರು ಸಮಿತಿ ಮಾಡ್ರಿ, ಪೈಪಿನ ಹಣದಾಗ ಪಾಲು ಕೊಡ್ರಿ ಅಂದಿದ್ರ?

— ಇಲ್ಲ. ಈಗಿನ ಜಲ ಜೀವನ್ ಮಿಷನ್‌ನಾಗೂ ಹಳ್ಳಿಯವರು ಹತ್ತು ಪರ್ಸೆಂಟ್ ಕೊಡಬೇಕು ಅಂತ ಐತಿ.

— ಕೊಡಲಿ, ಬ್ಯಾಡ ಅನ್ನೂದಿಲ್ಲ. ಆದರ ವಂತಿಗಿ ಕೊಟ್ಟ ಊರು, ಕೊಡದ ಊರು ಅಂತ ನಾ ವ್ಯತ್ಯಾಸ ಕಂಡಿಲ್ಲ. ಕಂಡದ್ದು ಬ್ಯಾರೆ. ವಾಟರ್‌ಮನ್‌ಗೆ ಪಗಾರ ತಿಂಗಳಾ ತಿಂಗಳಾ ಬಂದ ಊರಾಗ ನೀರು ಬಂತು. ಬರದ ಊರಾಗ ಮೋಟರ್ ಸುಟ್ಟ ಮ್ಯಾಲ ಟಾಕಿ ಹಂಗ ನಿಂತತು, ಅದರ ಮ್ಯಾಲ ಯೋಜನೆಯ ಹೆಸರು ಮಾಸಿಕೋತ. ಕರೆಂಟ್ ಬಿಲ್ ಯಾರು ಕಟ್ಟಬೇಕು, ಮೋಟರ್ ಸುಟ್ಟರ ರೊಕ್ಕ ಯಾವ ಖಾತೆಯಿಂದ, ವಾಲ್ವ್ ತಿರುವೂ ಮನಶ್ಯಾಗ ಪಗಾರ ಎಷ್ಟು. ಉದ್ಘಾಟನೆ ದಿನ ಈ ಮೂರಕ್ಕ ಉತ್ತರ ಇದ್ದರ ಆ ಯೋಜನೆ ಬದುಕತೈತಿ.

— ನಮ್ಮ ದಾನಿಗಳು ಕರೆಂಟ್ ಬಿಲ್ಲಿಗೆ ರೊಕ್ಕ ಕೊಡೂದಿಲ್ಲ ಕಾಕಾ. ತರಬೇತಿಗೆ ಕೊಡತಾರ.

— ತರಬೇತಿ! ಮಗ್ಗದ ತರಬೇತಿ ಅಂತ ರಾಮದುರ್ಗದಾಗ ನೇಕಾರಗ ಕೊಡಾಕ ಬಂದಿದ್ರು, ಮೂರು ತಲಿಮಾರು ಕುಣಿಮಗ್ಗದಾಗ ಕಾಲಿಟ್ಟು ಕುಂತವಗ. ಅವ ಕೇಳಿದ್ದು ಒಂದ: ನೂಲು ಯಾವ ರೇಟಿಗೆ ಕೊಡತೀರಿ, ಸೀರಿ ಯಾರು ಕೊಳ್ಳತಾರ? ಅದಕ್ಕ ಆ ತರಬೇತಿಯಾಗ ಉತ್ತರ ಇರಲಿಲ್ಲ, ಫೋಟೋ ಇತ್ತು. ಸರಕಾರದವರು ಸಾಲಿ ಮಕ್ಕಳ ಯೂನಿಫಾರ್ಮ್ ಬಟ್ಟಿ ಕೈಮಗ್ಗ ನಿಗಮದ ಮೂಲಕ ನೇಯಸತಾರಲ್ಲ, ಆ ಆರ್ಡರ್ ಹತ್ತು ತರಬೇತಿಗಿಂತ ಮಿಗಿಲು. 2019ರ ಆಗಸ್ಟದಾಗ ಮಲಪ್ರಭಾ ಉಕ್ಕಿ ರಾಮದುರ್ಗಕ್ಕ ನುಗ್ಗಿದಾಗ ಮಗ್ಗದ ಕುಣಿಯೊಳಗೆಲ್ಲಾ ನೀರು, ರಾಡಿ. ಅವಾಗ ಬೇಕಾದದ್ದು ನೂಲು, ಬಂಡವಾಳ, ಒಂದಿಷ್ಟು ದಿನ ಹೊಟ್ಟಿಗೆ.

— ಮಲಪ್ರಭಾ ಅಂದ್ರಿ, ಆಣೆಕಟ್ಟಿನ ಬಗ್ಗೆ ಬರಿಯೂದೋ ಬ್ಯಾಡೋ ಅಂತ ನೋಡಾಕ ಹತ್ತೇನಿ. ಅದು ವಿದೇಶಿ ಯೋಜನೆ ಅಲ್ಲ.

— ಬರಿ. ಈ ನಾಲ್ಕು ತಾಲೂಕು ಕೂಡಿಸೂದು ಆ ಹೊಳಿನ. ಖಾನಾಪುರದ ಕಣಕುಂಬಿಯಾಗ ಹುಟ್ಟಿ, ಎಂ.ಕೆ. ಹುಬ್ಬಳ್ಳಿ ಮುಂದ ಹಾದು, ಸವದತ್ತಿ ಹತ್ತರ ನವಿಲುತೀರ್ಥದಾಗ ನಿಂತು, ರಾಮದುರ್ಗಕ್ಕ ಹೋಗತೈತಿ. 1972ರ ಸುಮಾರಿಗೆ ಆಣೆಕಟ್ಟು ಆತು, 37.73 ಟಿಎಂಸಿ ಹಿಡಿಸತೈತಿ. ಹಿಡಿಸೂದು ಬ್ಯಾರೆ, ಬರೂದು ಬ್ಯಾರೆ. ತುಂಬದ ವರ್ಷನ ಹೆಚ್ಚು. ಮುಳುಗಿದ ಹೊಲ ಸವದತ್ತಿ ಕಡೇದು, ಕಾಲುವಿ ಹರದದ್ದು ನವಲಗುಂದ, ನರಗುಂದದ ತನಕ, ಕುಡಿಯೂ ನೀರು ಹುಬ್ಬಳ್ಳಿ-ಧಾರವಾಡಕ್ಕ. ಆವಾಗ ಹತ್ತಿಯ ಕಾಲ. ಧಾರವಾಡದಾಗ ಕಟರ್ಕಿ ಅನ್ನೂ ವಿಜ್ಞಾನಿ 1972ರಾಗ ವರಲಕ್ಷ್ಮಿ ಹತ್ತಿ ತಳಿ ತಂದಿದ್ರು. ನೀರು, ವರಲಕ್ಷ್ಮಿ, ಸಾಲ, ಮೂರೂ ಕೂಡಿ ಕರಿನೆಲದ ರೈತ ಬಂಗಾರದ ಕನಸು ಕಂಡ. ಮುಂದ ಹತ್ತಿ ರೇಟು ಬಿತ್ತು. ಕಾಲುವಿಯ ಕಡೀ ಹೊಲಕ್ಕ ನೀರು ಮುಟ್ಟಲಿಲ್ಲ. ಅಷ್ಟರಾಗ ಸರಕಾರ ಅಭಿವೃದ್ಧಿ ಕರ ಕಟ್ಟ್ರಿ ಅಂತು.

— ನೀರು ಬಂದಿಲ್ಲದ ಹೊಲಕ್ಕೂ?

— ಅದ ಜಗಳ. ಪುಸ್ತಕದಾಗ ಅದು ನೀರಾವರಿ ಹೊಲ. ತಹಶೀಲ್ದಾರ್ ಕಚೇರಿಗೆ ಹೋದರ ನಮ್ಮ ಕೈಯಾಗಿಲ್ಲ, ನೀರಾವರಿಯವರ ಕಡೆ ಹೋದರ ಮ್ಯಾಲಿನವರನ್ನ ಕೇಳ್ರಿ. ಮೂರು ತಾಲೂಕಿನವರು ಸಮನ್ವಯ ಸಮಿತಿ ಕಟ್ಟಿದ್ರು, ನವಲಗುಂದ, ನರಗುಂದ, ಸವದತ್ತಿ. 1980ರ ಜುಲೈ 21ಕ್ಕ ಗೋಲಿಬಾರ್ ಆತು, ರೈತರೂ ಸತ್ರು, ಪೊಲೀಸರೂ ಸತ್ರು. ಗುಂಡೂರಾಯರ ಸರಕಾರ ಕರದ ವಿಷಯದಾಗ ಹಿಂದ ಸರೀಬೇಕಾತು. ಎಂಜಿನಿಯರ್‌ಗಳು ಆಣಿ ಕಟ್ಟೂದ್ರಾಗ ಸೋತಿರಲಿಲ್ಲ ತಂಗಿ, ಗ್ವಾಡಿ ಇವತ್ತಿಗೂ ಗಟ್ಟಿ ಐತಿ. ನನ್ನ ಹೊಲಕ್ಕ ನೀರು ಯಾಕ ಬರಲಿಲ್ಲ ಅಂತ ರೈತ ಯಾರ ಮನಿ ಬಾಗಲಿಗೆ ಹೋಗಿ ಬೈಬೇಕು ಅನ್ನೂದು ನಕ್ಷೆಯಾಗ ಇರಲಿಲ್ಲ.

— ನೀವು ಎಲ್ಲಾದಕ್ಕೂ ಅದ ಪ್ರಶ್ನೆ ಹಾಕತೀರಿ. ಯಾರ ಬಾಗಲಿಗೆ ಹೋಗಿ ಬೈಬೇಕು.

— ಮೂವತ್ತು ವರ್ಷ ಮಂದಿ ನನ್ನ ಬಾಗಲಿಗೆ ಬಂದಾರ. ಗೊತ್ತಾಗತೈತಿ.

— ಹಂಗಾರ ಒಂದು ಗೆದ್ದದ್ದು ಹೇಳತೀನಿ, ಸವದತ್ತಿದ. 1982ರಾಗ ದೇವದಾಸಿ ಸಮರ್ಪಣೆ ನಿಷೇಧದ ಕಾಯ್ದೆ ಬಂತು. ಕಾಯ್ದೆ ಬಂದು ಹತ್ತು ವರ್ಷ ದಾಟಿದ ಮ್ಯಾಲ, 1993-94ರ ಸರ್ವೇದಾಗ, ರಾಜ್ಯದಾಗ 22,873 ಹೆಣ್ಣಮಕ್ಕಳು ಲೆಕ್ಕಕ್ಕ ಸಿಕ್ಕರು. 2007-08ರ ಸರ್ವೇ ಕೂಡಿಸಿದರ 46,660.

— ಕಾಯ್ದೆ ಆದ ಮ್ಯಾಲ ಯಲ್ಲಮ್ಮನ ಗುಡ್ಡದಾಗ ಪೊಲೀಸರು ನಿಂತರು, ಮುತ್ತು ಕಟ್ಟಿ ದೇವಿಗೆ ಬಿಡೂದು ಮನಿಯೊಳಗ ಹೋತು.

— ಹೂಂ. ಬೆಳಗಾವಿ ಜಿಲ್ಲೆಯಾಗ ಮೈರಾಡಾ ಸ್ವಯಂಸೇವಾ ಸಂಸ್ಥೆಯವರು ತೊಂಬತ್ತರ ದಶಕದ ಮೊದಲಾಗ ಮಾಜಿ ದೇವದಾಸಿಯರ ಸಂಘ ಕಟ್ಟೂ ಕೆಲಸ ಹಿಡಿದ್ರು. 1997ರಾಗ ಆ ಹೆಣ್ಣಮಕ್ಕಳದ ಒಂದು ಸಂಸ್ಥೆ ಆತು: ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ, ಮಾಸ್. ಆಡಳಿತ ಮಂಡಳಿಯಾಗ ಕುಂತವರು ಅವರ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಲಕ್ಷಗಟ್ಟಲೆ ಮಂದಿ ಯಲ್ಲಮ್ಮನ ಗುಡ್ಡಕ್ಕ ಬರತಾರ. ಅಷ್ಟರಾಗ ಯಾವ ಹುಡುಗಿನ ಯಾಕ ಕರಕೊಂಡು ಬಂದಾರ ಅಂತ ಪೊಲೀಸಗ ಏನು ತಿಳೀಬೇಕು? ತಾನ ಒಮ್ಮೆ ಮುತ್ತು ಕಟ್ಟಿಸಿಕೊಂಡಾಕಿಗೆ ಆ ಹುಡುಗಿಯ ಮಾರಿ ನೋಡಿದರ ಗೊತ್ತಾಗತೈತಿ.

— ಮತ್ತ ಆ ಹುಡುಗಿಯ ಅವ್ವಗ ಬುದ್ಧಿ ಹೇಳೂ ಅಧಿಕಾರ ಆಕಿಗೆ ಐತಿ. ನಾನು ಹೇಳಿದರ, ನಿಮಗೇನು ಗೊತ್ತ್ರಿ ಸಾಹೇಬ್ರ ಅಂದಾರು. ಖರೆ ಹೇಳಬೇಕಂದರ ಬ್ಯಾಂಕಿನಾಗ ಆ ಸಂಘಗಳಿಗೆ ಖಾತೆ ತೆಗೀಯಾಕ ಬಂದಾಗ ನಮ್ಮವರು ಎಷ್ಟೋ ಮಂದಿ ಮಾರಿ ತಿರುವಿದ್ರು. ಆ ಹೆಣ್ಣಮಕ್ಕಳು ಮತ್ತ ಮತ್ತ ಬಂದು ಕೌಂಟರ್ ಮುಂದ ನಿಂತರು, ನಾವು ಹಾದಿಗೆ ಬಂದ್ವಿ.

— ಇದನ್ನ ಬರದರ ದಾನಿಗಳು ಕೇಳತಾರ: ಆ ಹೆಣ್ಣಮಕ್ಕಳ ಕೈಗೆ ಕೊಟ್ಟು ಮೈರಾಡಾ ಹೊರಗ ಬಂದದ್ದು ಗೆಲುವೋ ಸೋಲೋ? ಹೊರಗ ಬರೂದ ಅವರ ಉದ್ದೇಶ ಆಗಿತ್ತು ಅಂದರ ನಂಬೂದಿಲ್ಲ. ನಮ್ಮ ಕಡೆ ಯೋಜನೆ ಮುಗಿದರ ಎರಡನೇ ಹಂತ ಅಂತ ಸುರು ಮಾಡಬೇಕು, ಇಲ್ಲಂದರ ಆಫೀಸಿನ ಬಾಡಗಿ ಹೆಂಗ?

— ಅದೊಂದು ಹೊಸ ಸತ್ಯ ಹೇಳಿದಿ.

— ಇನ್ನೊಂದು ಐತಿ, ಇದು ಜಗತ್ತಿಗೆ ಗೊತ್ತಾದದ್ದು. ಬೆಳಗಾವಿಯ ಜೆ.ಎನ್. ಮೆಡಿಕಲ್ ಕಾಲೇಜಿನವರು ಅಮೆರಿಕದವರ ಕೂಡ ಸೇರಿ ನಮ್ಮ ಜಿಲ್ಲೆಯ ಹಳ್ಳಿಗಳಾಗ 2002ರಿಂದ 2005ರ ತನಕ ಒಂದು ಪ್ರಯೋಗ ಮಾಡಿದ್ರು. ಹೆರಿಗಿ ಆದ ಕೂಡಲೆ ರಕ್ತಸ್ರಾವ ಆಗಿ ಬಾಣಂತಿ ಸಾಯೂದು ಇತ್ತಲ್ಲ? ಅದನ್ನ ತಡಿಯೂ ಆಕ್ಸಿಟೋಸಿನ್ ಸೂಜಿಗೆ ಫ್ರಿಜ್ ಬೇಕು, ಸೂಜಿ ಮಾಡಾಕ ಕಲ್ತವರು ಬೇಕು. ಮಿಸೊಪ್ರೊಸ್ಟಾಲ್ ಅನ್ನೂ ಗುಳಿಗಿ ಹಂಗಲ್ಲ, ಬಾಯಾಗ ಹಾಕೊಂಡು ನೀರು ಕುಡದರ ಆತು. 1,620 ತಾಯಂದಿರು. ಒಂದು ಗುಂಪಿಗೆ ಔಷಧ, ಇನ್ನೊಂದಕ್ಕ ಅದರಂಗ ಕಾಣೂ ಬರೀ ಗುಳಿಗಿ.

— ಬರೀ ಗುಳಿಗಿ? ಸಾಯೂ ಸಂಕಟದಾಗ ಹೆಣ್ಣಮಗಳಿಗೆ ಸುಳ್ಳು ಗುಳಿಗಿ ಕೊಟ್ರ?

— ಆವಾಗ ಹಳ್ಳಿ ಹೆರಿಗಿಯಾಗ ಯಾವ ಔಷಧನೂ ಇರಲಿಲ್ಲ ಕಾಕಾ. ಗುಳಿಗಿ ಕೆಲಸ ಮಾಡತೈತೋ ಇಲ್ಲೋ, ಅದೂ ಗೊತ್ತಿರಲಿಲ್ಲ. ಒಪ್ಪಿಗಿ ತಗೊಂಡ ಮಾಡಿದ್ರು.

— ತಗೊಂಡಿರಬಹುದು. ನನಗ ಇನ್ನೂ ಸರಿ ಅನಸೂದಿಲ್ಲ. ಮುಂದ ಹೇಳು.

— ಬರೀ ಗುಳಿಗಿ ತಗೊಂಡವರಾಗ ನೂರಕ್ಕ 12 ಮಂದಿಗೆ ಹೆಚ್ಚಿನ ರಕ್ತಸ್ರಾವ ಆತು, ಔಷಧ ತಗೊಂಡವರಾಗ 6.4. ಅಗದಿ ಗಂಭೀರ ಆದದ್ದು 1.2ರಿಂದ 0.2ಕ್ಕ ಇಳೀತು. 2006ರಾಗ ಲ್ಯಾನ್ಸೆಟ್ ಪತ್ರಿಕೆಯಾಗ ಬಂತು. 2011ರಾಗ ವಿಶ್ವ ಆರೋಗ್ಯ ಸಂಸ್ಥೆ ಈ ಕೆಲಸದ ಸಲುವಾಗಿ ಆ ಗುಳಿಗಿನ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸ್ತು.

— ಗುಳಿಗಿ ಕೊಟ್ಟವರು ಯಾರು?

— ಎ.ಎನ್.ಎಂ.ಗಳು.

— ನಮ್ಮ ಸಿಸ್ಟರ್‌ಗಳು! ಅವರನ್ನ ಯಾರೂ ಅಮೆರಿಕದಿಂದ ತರಲಿಲ್ಲ. ಪ್ರಯೋಗಕ್ಕ ಮೊದಲೂ ಅಲ್ಲೇ ಇದ್ರು, ಮುಗಿದ ಮ್ಯಾಲೂ ಅಲ್ಲೇ ಇದ್ರು, ಪಗಾರ ಸರಕಾರದ್ದು. ಬಾಣಂತಿಗೆ ಏನರ ಆಗಿದ್ದರ ಊರವರು ಅವರ ಬಾಗಲು ಬಡೀತಿದ್ರು. ಹೊರಗಿನವರು ತಂದದ್ದು ಗುಳಿಗಿ ಮತ್ತ ಲೆಕ್ಕ. ಲೆಕ್ಕನೂ ಬೇಕವ್ವಾ, ಅದನ್ನ ನಾ ಹಗುರ ಮಾಡೂದಿಲ್ಲ. ನಮ್ಮ ಎಮ್ಮಿದು ಹಂಗ ಯಾರರ ಲೆಕ್ಕ ಇಟ್ಟಿದ್ದರ ಎರಡನೇ ವರ್ಷಕ್ಕ ನಿಂದರಸತಿದ್ರು. ನಾವು ಕೊಟ್ಟ ಎಮ್ಮಿ ಎಣಿಸಿದ್ವಿ, ಉಳಿದ ಎಮ್ಮಿ ಎಣಿಸಲಿಲ್ಲ.

— ಈಗ ಇಲ್ಲಿ ಆ ಗುಳಿಗಿಯ ಮಾತು ಕಡಿಮಿ ಆಗೇತಿ ನೋಡ್ರಿ. 2005ರಾಗ ಜನನಿ ಸುರಕ್ಷಾ, 2008ರಾಗ 108 ಗಾಡಿ ಬಂದು ಹೆರಿಗಿ ಎಲ್ಲಾ ದವಾಖಾನಿಗೆ ಹೋದವು. ಇಲ್ಲಿ ಕಲ್ತದ್ದು ಬ್ಯಾರೆ ದೇಶದ ಹಳ್ಳಿಗಳಿಗೆ ಉಪಯೋಗ ಆತು.

— ಆಗಲಿ. ನಮ್ಮೂರಿನಿಂದ ಹೊರದೇಶಕ್ಕ ನೆರವು ಹೋದದ್ದು ಅದೊಂದರ ಆತಲ್ಲ.

— ಸ್ವಸಹಾಯ ಸಂಘದ್ದೂ ಬರೀತೀನಿ. 1992ರಾಗ ನಬಾರ್ಡ್ ಸಂಘಗಳನ್ನ ಬ್ಯಾಂಕಿಗೆ ಜೋಡಿಸಾಕ ಸುರು ಮಾಡ್ತು, ಆ ವಿಚಾರದ ಬೀಜ ಮೈರಾಡಾದ್ದ. 2000-01ರಾಗ ಸ್ತ್ರೀಶಕ್ತಿ ಬಂತು.

— ಬರಿ, ಆದರ ಅದರ ಬಾಲಾನೂ ಬರಿ. ಸಂಘದಾಗ ಹೆಣ್ಣಮಕ್ಕಳು ತಮ್ಮ ರೊಕ್ಕ ತಾವ ಕೂಡಿಸಿ, ಯಾರಿಗೆ ಎಷ್ಟು ಅಂತ ತಾವ ಜಗಳಾಡಿ ಕೊಡತಿದ್ರು. ಕಂತು ತಪ್ಪಿದಾಕಿ ಮನ್ಯಾಗ ಏನಾಗೇತಿ ಅಂತ ಉಳಿದವರಿಗೆ ಗೊತ್ತಿರತಿತ್ತು. ಅದನ್ನ ನೋಡಿ, ಹೆಣ್ಣಮಕ್ಕಳು ಸಾಲ ತಪ್ಪಸೂದಿಲ್ಲ ಅನ್ನೂ ಒಂದ ಪಾಠ ಕಲ್ತು ಮೈಕ್ರೋ ಫೈನಾನ್ಸ್‌ನವರು ಬಂದ್ರು. ಒಂದು ಮನಿಗೆ ನಾಲ್ಕು ಸಾಲ, ಒಂದನ್ನ ತಗೊಂಡು ಇನ್ನೊಂದು ಕಟ್ಟೂದು. ಇಲ್ಲಿ ಬಾಗಲು ಉಲ್ಟಾ ಆತು, ನಾವು ಅವರ ಬಾಗಲಿಗೆ ಹೋಗಿ ಬೈಯೂದಲ್ಲ, ಅವರ ನಮ್ಮ ಬಾಗಲಿಗೆ ಬಂದು ಬೈಯೂದು. ಕಡೀಕ 2025ರ ಫೆಬ್ರವರಿಯಾಗ ಸರಕಾರ ಸುಗ್ರೀವಾಜ್ಞೆ ತರಬೇಕಾತು. ಅಲ್ಲಿ ತನಕ ಅವರ ವರದಿಯಾಗ ವಸೂಲಿ ಭಾಳ ಚಲೋ ಇತ್ತು. ವಸೂಲಿ ಚಲೋ ಅಂದರ ಬಡತನ ಕಡಿಮಿ ಅಂತ ಓದಿದವರೂ ಓದಿಕೊಂಡರು.

— ಹಂಗಾರ ನನ್ನ ಯೋಜನೆಗೆ ಏನು ಹೇಳತೀರಿ? ನಾಲ್ಕೂ ತಾಲೂಕಿಗೆ ಒಂದ ಮಾದರಿ ಅಂತ ಬರದೇನಿ.

— ಕಿತ್ತೂರು ಮಲೆನಾಡಿನ ಅಂಚು, ಅಲ್ಲಿ ಭತ್ತ, ಕಬ್ಬು. ಬೈಲಹೊಂಗಲದಾಗ ಎರೆಮಣ್ಣು, ಹತ್ತಿ, ಸೋಯಾ, ಕಡ್ಲಿ. ರಾಮದುರ್ಗದಾಗ ಮಳಿ ಕೈಕೊಟ್ಟರ ಮಂದಿ ದುಡಿಯಾಕ ಗೋವಾಕ್ಕ ಗಂಟು ಕಟ್ಟತಾರ. ಒಂದ ಮಾದರಿ ಹೆಂಗ? ಅದಿರಲಿ, ನಿಮ್ಮ ಸಾಹೇಬರು ನೋಡಾಕ ಬಂದರ ಎಲ್ಲಿಗೆ ಕರಕೊಂಡು ಹೋಗತಿ?

— ಕಿತ್ತೂರಿಗೆ. ಹೈವೇ ಮ್ಯಾಲ ಐತಿ, ಬೆಳಗಾವಿ ವಿಮಾನ ನಿಲ್ದಾಣದಿಂದ ಸಲೀಸು.

— ನೋಡಿದಿ?

— ಗೊತ್ತೈತಿ. ರಾಬರ್ಟ್ ಚೇಂಬರ್ಸ್ ಅಂತ ಇಂಗ್ಲೆಂಡಿನವರು 1983ರಾಗ ಬರದಾರ: ಅಧಿಕಾರಿಗಳು ಡಾಂಬರು ರಸ್ತೆಯ ಆಜುಬಾಜು ಇರೂ ಬಡವರನ್ನ ಅಷ್ಟ ನೋಡತಾರ ಅಂತ.

— ಅವರು ರಾಮದುರ್ಗಕ್ಕ ಬಂದಿದ್ರೋ ಏನೋ! ನೀ ಒಂದು ಮಾಡು. ಹೆಸರಿಗೆ ನಾಲ್ಕು ತಾಲೂಕು ಇರಲಿ, ರೊಕ್ಕ ಹೆಚ್ಚಿಗಿ ರಾಮದುರ್ಗಕ್ಕ ಇಡು. ಮೂರು ವರ್ಷದ ಹಣಾನ ಐದು ವರ್ಷಕ್ಕ ಎಳಿ. ಕಡೀ ಎರಡು ವರ್ಷದಾಗ ನಿಮ್ಮವರು ಯಾರೂ ಇರಬಾರದು, ಊರಾಗ ಕೆಲಸ ಮಾಡೂ ಇಬ್ಬರು ಮೂವರ ಪಗಾರ ಅಷ್ಟ ಇರಬೇಕು.

— ಒಪ್ಪೂದಿಲ್ಲ. ಆ ಸಾಲು ಮೊದಲ ಹೊಡದು ಹಾಕತಾರ.

— ಹೊಡದರ ಕೇಳು, ಯಾಕ ಅಂತ. ಕೇಳೂದಕ್ಕೇನು ರೊಕ್ಕ ಬೀಳತೈತಿ? ಮತ್ತ ಬರಿಯೂ ಮುಂಚೆ ರಾಮದುರ್ಗದ ಕಡೆ ನಾಲ್ಕು ಊರು ತಿರುಗು. ಪಂಚಾಯ್ತಿಯಾಗ ಹಳೇ ನೀರಿನ ಸಮಿತಿಯ ಪಟ್ಟಿ ಇರತೈತಿ. ಅದರಾಗ ಇದ್ದ ಹೆಣ್ಣಮಕ್ಕಳನ್ನ ಹುಡುಕು, ಗೌಡ್ರನ್ನಲ್ಲ. ಏನು ಕೆಟ್ಟತು, ರಿಪೇರಿಗೆ ಯಾರು ಓಡಾಡಿದ್ರು, ರೊಕ್ಕ ಎಲ್ಲಿಂದ ಬಂತು ಅಂತ ಕೇಳು.

— ಪಟ್ಟಿ ಸಿಗದಿದ್ದರ?

— ವಾಟರ್‌ಮನ್ ಸಿಗತಾನ. ಅವನನ್ನ ಕೇಳು, ಯಾರ ಯಾರ ಮನ್ಯಾಗ ಬೈಸಿಕೊಂಡಾನ ಎಲ್ಲಾ ಹೇಳತಾನ.